ಬಿಗಿಯುವುದು, ಬಿಡಿಸಿಕೊಳ್ಳುವುದು

ಹೆಸರಿಗೂ ಗುಣಕ್ಕೂ ತಾಳೆಯಾಗದ ಸಂಗತಿಗಳು ಲೋಕದಲ್ಲಿ ಬೇಕಾದಷ್ಟಿವೆ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ, ಅಂದರೆ 2023ರಲ್ಲಿ ಹೆಸರು ಬದಲಾಗುವ ಮುನ್ನ ಔರಂಗಾಬಾದ್ ಆಗಿದ್ದ ಜಿಲ್ಲೆಯಲ್ಲಿ, ‘ಕನ್ನಡ’ ಅಂತಲೇ ಒಂದು ತಾಲ್ಲೂಕು ಕೇಂದ್ರವಿದೆ. ಎಸ್.ಟಿ. ಬಸ್ಸಿನ ಹಣೆಯ ಮೇಲೆ ಆ ಹೆಸರು ಕಂಡಾಗ ಪರಸ್ಥಳದಲ್ಲಿರುವ ಕನ್ನಡಿಗನ ಎದೆ ಒಮ್ಮೆ ಹಿಗ್ಗುತ್ತದೆ. ಹತ್ತಿ ಹೋಗಿ ಇಳಿದರೆ ಅಲ್ಲಿ ಕೇಳುವುದೆಲ್ಲ ಮರಾಠಿ. ಸೈಕಲ್ ಲೋಕದಲ್ಲೂ ಇಂಥದೇ ಒಂದು ಹೆಸರಿದೆ: ‘ಕ್ಲಿಪ್‌ಲೆಸ್’ ಪೆಡಲ್. ಕೇಳಿದರೆ ಕ್ಲಿಪ್ಪೇ ಇಲ್ಲದ, ಕಾಲಿಗೆ ಪೂರಾ ಸ್ವಾತಂತ್ರ್ಯ ಕೊಡುವ ಪೆಡಲ್ ಇರಬೇಕು ಅನ್ನಿಸುತ್ತದೆ. ನಿಜ ಏನೆಂದರೆ, ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೇ ಅದರ ಕೆಲಸ.

ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಮೊದಲು ಪಂದ್ಯದ ಸೈಕಲ್ಲುಗಳ ಪೆಡಲ್ಲಿಗೆ ಒಂದು ಪಂಜರ ಇರುತ್ತಿತ್ತು. ಸವಾರ ಬೂಟಿನ ತುದಿಯನ್ನು ಅದರೊಳಗೆ ತೂರಿಸಿ, ಚರ್ಮದ ಪಟ್ಟಿ ಎಳೆದು ಬಿಗಿದುಕೊಳ್ಳುತ್ತಿದ್ದ. ಆ ಪಂಜರಕ್ಕೆ ‘ಟೋ ಕ್ಲಿಪ್’ ಎಂದು ಹೆಸರು. ಆಮೇಲೆ ಬಂದ ಪೆಡಲ್ಲಿಗೆ ಪಂಜರವೂ ಇಲ್ಲ, ಪಟ್ಟಿಯೂ ಇಲ್ಲ. ಬೂಟಿನ ಅಟ್ಟೆಯ ಅಡಿಗೆ ಒಂದು ಸಣ್ಣ ತುಂಡನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಅದಕ್ಕೆ ಕ್ಲೀಟ್ ಅನ್ನುತ್ತಾರೆ. ಅದನ್ನು ಪೆಡಲ್ಲಿನ ಮೇಲೆ ಇಟ್ಟು ಒತ್ತಿದರೆ ಸ್ಪ್ರಿಂಗಿನ ಬಾಯಿ ಟಕ್ಕೆಂದು ಕಚ್ಚುತ್ತದೆ. ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಿದರೆ ಬಿಟ್ಟುಕೊಡುತ್ತದೆ. ಹಳೆಯ ಕ್ಲಿಪ್ ಹೋಯಿತು ಅನ್ನುವ ಅರ್ಥದಲ್ಲಿ ಕ್ಲಿಪ್‌ಲೆಸ್, ಅಷ್ಟೆ.

ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ನೋಡಿದ ನನಗೆ ಈ ವಿದ್ಯೆಯೆಲ್ಲ ಬಂದದ್ದು ಮಗನಿಂದ. ನಾನು ಇರುವುದು ನಾಸಿಕದಲ್ಲಿ. ಬ್ಯಾಂಕಿನ ಕೊನೆಯ ವರ್ಗಾವಣೆ ಇಲ್ಲಿಗೇ ಆಗಿತ್ತು. ನಿವೃತ್ತಿಯ ಮೇಲೂ ಇಲ್ಲೇ ಉಳಿದೆ. ಮಗ, ಸೊಸೆ, ಮೊಮ್ಮಗಳು ಇರುವುದು ಸಂಭಾಜಿನಗರದ ಗಾರಖೇಡಾದಲ್ಲಿ. ಅವನ ಕಾರ್ಖಾನೆ ವಾಳೂಜಿನ ಎಂ.ಐ.ಡಿ.ಸಿ.ಯಲ್ಲಿ. ಒಂದು ಸಲಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು. ಎರಡು ವರ್ಷದಿಂದ ಅವನು ಈ ದಾರಿಯನ್ನು ಸೈಕಲ್ಲಿನ ಮೇಲೆ ಓಡಾಡುತ್ತಾನೆ. ನಗರ ನಾಕಾ ದಾಟಿ ಪುಣೆ ರಸ್ತೆ ಹಿಡಿದರೆ ಮಗ್ಗುಲಲ್ಲಿ ಟ್ರಕ್ಕು, ಕಂಪನಿ ಬಸ್ಸು, ಕಬ್ಬಿಣದ ಸರಳು ಹೇರಿಕೊಂಡ ಟ್ರ್ಯಾಕ್ಟರು. ಕ್ಲಿಪ್‌ಲೆಸ್ ಪೆಡಲ್ ಹಾಕಿಸುವ ವಿಚಾರ ಬಂದಾಗ ನನಗೆ ಫೋನು ಮಾಡಿದ. “ಅಪ್ಪಾ, ಕಾಲು ಕಟ್ಟಿಕೊಂಡು ಟ್ರಕ್ಕಿನ ನಡುವ ಹೋಗೋದು ಶಾಣ್ಯಾತನ ಅನಸ್ತದೇನು ನಿಮಗ?” ಅಂದ.

ಪೆಡಲ್ಲು, ಬೂಟು ಎರಡೂ ಸೇರಿದರೆ ಎಂಟು-ಹತ್ತು ಸಾವಿರದ ಮಾತು. ಹಣದ ಲೆಕ್ಕ ಇರಲಿ, ಪ್ರಶ್ನೆ ದೊಡ್ಡದು ಅನ್ನಿಸಿತು. ನಮ್ಮನ್ನು ಯಾವುದಕ್ಕೆ, ಎಷ್ಟು ಬಿಗಿಯಾಗಿ ಕಟ್ಟಿಕೊಳ್ಳಬೇಕು? ಕಟ್ಟಿಕೊಂಡದ್ದರಿಂದ ಯಾವಾಗ, ಹೇಗೆ ಬಿಡಿಸಿಕೊಳ್ಳಬೇಕು? ಊರು ಬಿಟ್ಟು ಬಂದವರು ದಿನಾ ಕೇಳಿಕೊಳ್ಳುವ ಪ್ರಶ್ನೆಯೂ ಇದೇ ಅಲ್ಲವೆ?

ಈ ಪೆಡಲ್ಲಿನ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಾಲನ್ನು ಹಿಡಿಯುವುದು ಯಾವತ್ತೂ ಕಷ್ಟದ ಕೆಲಸವಾಗಿರಲಿಲ್ಲ, ಕಷ್ಟವಾದದ್ದು ಬಿಡುವುದು. ಚರ್ಮದ ಪಟ್ಟಿ ಚೆನ್ನಾಗಿಯೇ ಹಿಡಿಯುತ್ತಿತ್ತು, ಆದರೆ ಸಡಿಲಿಸಬೇಕಾದರೆ ಬಗ್ಗಿ ಕೈ ಹಾಕಬೇಕು. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಪಟ್ಟಿಯಿಲ್ಲದ ಪೆಡಲ್ ಮಾಡಿತು. ಅದರಿಂದ ಕಾಲು ಬಿಡಿಸಿಕೊಳ್ಳುವುದಕ್ಕೂ ಬಗ್ಗಿ ಒಂದು ಸಣ್ಣ ಸನ್ನೆಯನ್ನು ಕೈಯಿಂದ ಸರಿಸಬೇಕಾಗಿತ್ತು. ಸವಾರರು ಅದಕ್ಕೆ ಸಾವಿನ ಕ್ಲೀಟು ಅಂತಲೇ ಅಡ್ಡಹೆಸರಿಟ್ಟರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಬೂಟಿನ ಹಿಡಿಕೆಯ ತತ್ವವನ್ನು ಪೆಡಲ್ಲಿಗೆ ತಂದಿತು. ಬಿದ್ದಾಗ ಕಾಲು ಮುರಿಯದ ಹಾಗೆ ತಾನೇ ಕಳಚಿಕೊಳ್ಳುವುದು ಸ್ಕೀ ಹಿಡಿಕೆಯ ಗುಣ. 1985ರಲ್ಲಿ ಬರ್ನಾರ್ಡ್ ಹಿನಾಲ್ಟ್ ಅದೇ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಪಂಜರದ ಕಾಲ ಮುಗಿಯುತ್ತ ಬಂತು. 1990ರಲ್ಲಿ ಜಪಾನಿನ ಶಿಮಾನೋ ಕಂಪನಿ ಎಸ್‌ಪಿಡಿ ಅನ್ನುವ ಬಗೆಯನ್ನು ತಂದಿತು. ಅದರ ಕ್ಲೀಟು ಚಿಕ್ಕದು, ಉಕ್ಕಿನದು, ಬೂಟಿನ ಅಟ್ಟೆಯೊಳಗೆ ಹುದುಗಿರುತ್ತದೆ. ಹಾಗಾಗಿ ಸೈಕಲ್ ಇಳಿದವನು ಮನುಷ್ಯರ ಹಾಗೆ ನಡೆಯಬಹುದು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಪ್ಲೆಜ್‌ಗೂ ಹೈಪಾಥಿಕೇಶನ್‌ಗೂ ಇರುವ ವ್ಯತ್ಯಾಸ. ಪ್ಲೆಜ್ ಆದರೆ ಮಾಲು ಬ್ಯಾಂಕಿನ ಗೋದಾಮಿನಲ್ಲಿ, ಬೀಗದ ಕೈ ಬ್ಯಾಂಕಿನವರ ಹತ್ತಿರ. ಹೈಪಾಥಿಕೇಶನ್ ಆದರೆ ಮಾಲಿನ ಮೇಲೆ ಬ್ಯಾಂಕಿನ ಹಕ್ಕು ಉಂಟು, ಆದರೆ ಮಾಲು ಸಾಲಗಾರನ ಅಂಗಡಿಯಲ್ಲೇ ಇದ್ದು ವ್ಯಾಪಾರ ನಡೆಯುತ್ತದೆ. ಎರಡೂ ಬಂಧನವೇ. ಒಂದರಲ್ಲಿ ಬದುಕು ನಿಂತು ಕಾಯಬೇಕು, ಇನ್ನೊಂದರಲ್ಲಿ ಬದುಕು ಓಡಾಡಿಕೊಂಡಿರುತ್ತದೆ.

ಇನ್ನು ಆಯ್ಕೆಯ ವಿಚಾರ. ಕ್ಲೀಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಮೂರು ಬೋಲ್ಟಿನದು ಪಂದ್ಯದವರದು. ದೊಡ್ಡದು, ಪ್ಲಾಸ್ಟಿಕ್ಕಿನದು, ಅಟ್ಟೆಯಿಂದ ಹೊರಚಾಚಿರುತ್ತದೆ. ಅದನ್ನು ಹಾಕಿಕೊಂಡು ಆಫೀಸಿನ ನುಣುಪು ಟೈಲ್ಸಿನ ಮೇಲೆ ನಡೆದರೆ ಜಾರುತ್ತದೆ, ನಡೆದಷ್ಟೂ ಸವೆಯುತ್ತದೆ. ಎರಡು ಬೋಲ್ಟಿನದು ಎಸ್‌ಪಿಡಿಯಂಥದು. ದಿನಾ ಕೆಲಸಕ್ಕೆ ಹೋಗುವವನಿಗೆ ಇದೇ ಸರಿ. ಇದರಲ್ಲೂ ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುವ ಕ್ಲೀಟು ಒಂದು. ಗಾಬರಿಯಲ್ಲಿ ಕಾಲನ್ನು ಮೇಲಕ್ಕೋ ಓರೆಗೋ ಜೋರಾಗಿ ಎಳೆದರೂ ಬಿಡುವ ಕ್ಲೀಟು ಇನ್ನೊಂದು. ಹೊಸಬರಿಗೆ ಎರಡನೆಯದು ವಾಸಿ. ಸ್ಪ್ರಿಂಗಿನ ಬಿಗಿಯನ್ನು ಅಲೆನ್ ಕೀಲಿಯಿಂದ ಹೆಚ್ಚುಕಡಿಮೆ ಮಾಡಬಹುದು. ಮೊದಲ ದಿನ ಪೂರಾ ಸಡಿಲ ಇಟ್ಟುಕೊಂಡು, ಗೋಡೆ ಹಿಡಿದು ನಿಂತು, ಒಂದೊಂದು ಕಾಲನ್ನು ಐವತ್ತು ಸಲವಾದರೂ ಹಾಕಿ ತೆಗೆಯಬೇಕು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಹಿಡಿಕೆ ಇರುವ ಪೆಡಲ್ಲೂ ಸಿಗುತ್ತದೆ. ಸಂದಣಿಯಲ್ಲಿ ಚಪ್ಪಟೆ ಮಗ್ಗುಲು, ಖಾಲಿ ರಸ್ತೆಯಲ್ಲಿ ಹಿಡಿಕೆಯ ಮಗ್ಗುಲು. ಕಾಯಿಪಲ್ಲೆ ತರಲು ಚಪ್ಪಲಿಯಲ್ಲೇ ಹೊರಟರೂ ಅಡ್ಡಿಯಿಲ್ಲ.

ಬೂಟಿನ ಅಟ್ಟೆ ಗಟ್ಟಿಯಿರಬೇಕು, ಆದರೆ ಹಲಗೆಯಷ್ಟು ಗಟ್ಟಿಯಾದರೆ ನಡೆಯಲಿಕ್ಕಾಗದು. ನೈಲಾನಿನ ಅಟ್ಟೆ ಸಾಕು, ಕಾರ್ಬನ್ ಬೇಕಿಲ್ಲ. ಬಿಸಿಲಿಗೆ ಕಾಲು ಊದುತ್ತದೆ, ಆದ್ದರಿಂದ ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನಾ ಹಾಕುವ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಬೆರಳಿನ ಮುಂದೆ ಸ್ವಲ್ಪ ಜಾಗ ಬೇಕು. ಹಿಮ್ಮಡಿ ಮಾತ್ರ ಅಲುಗಬಾರದು. ಕಾರ್ಖಾನೆಯ ಒಳಗೆ ಸುರಕ್ಷೆಯ ಬೂಟು ಕಡ್ಡಾಯವಾದ್ದರಿಂದ ಮಗ ಒಂದು ಜೊತೆಯನ್ನು ಅಲ್ಲೇ ಲಾಕರಿನಲ್ಲಿ ಇಟ್ಟಿದ್ದಾನೆ. ಇನ್ನೊಂದು ತೊಂದರೆ ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮರಾಠವಾಡದ್ದೂ ನಮ್ಮ ಗದಗ-ನವಲಗುಂದದ ಹಾಗೆ ಎರೆಭೂಮಿ. ಮಳೆಗಾಲದಲ್ಲಿ ರಸ್ತೆಯ ಮಗ್ಗುಲಿಗೆ ಒಂದು ಕಾಲು ಊರಿದರೆ ಸಾಕು, ಎರೆಮಣ್ಣು ಕ್ಲೀಟಿನ ಸಂದಿಯಲ್ಲಿ ಮೆತ್ತಿಕೊಂಡು ಪೆಡಲ್ಲಿನ ಬಾಯಿಗೆ ಕೂರುವುದೇ ಇಲ್ಲ. ಕೂತರೆ ಬಿಡುವುದಕ್ಕೆ ಸತಾಯಿಸುತ್ತದೆ. ಒಂದು ಕಡ್ಡಿಯೋ ಹಳೆಯ ಹಲ್ಲುಜ್ಜುವ ಬ್ರಷ್ಷೋ ಚೀಲದಲ್ಲಿ ಇರಬೇಕು.

ಇಷ್ಟೆಲ್ಲ ರಗಳೆ ಬೇಕೇ ಎಂದು ನೀವು ಕೇಳಬಹುದು. ಅದೇ ವಾಳೂಜ್ ರಸ್ತೆಯಲ್ಲಿ, ನಾಸಿಕದ ಸಾತಪುರ, ಅಂಬಡದ ರಸ್ತೆಗಳಲ್ಲಿ, ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು, ಹವಾಯಿ ಚಪ್ಪಲಿಯಲ್ಲೇ ಪೆಡಲ್ ತುಳಿಯುವ ಕಾರ್ಮಿಕರನ್ನು ನಾನು ದಿನಾ ನೋಡುತ್ತೇನೆ. ಅವರು ಯಾವ ಕ್ಲೀಟನ್ನೂ ಕಂಡವರಲ್ಲ. ಪ್ರಯೋಗಾಲಯಗಳಲ್ಲಿ ಅಳೆದು ನೋಡಿದವರಿಗೂ, ಹದವಾದ ವೇಗದಲ್ಲಿ ಹೋಗುವಾಗ ಇಂಥ ಪೆಡಲ್ಲಿನಿಂದ ದೊಡ್ಡ ಶಕ್ತಿ ಉಳಿತಾಯವೇನೂ ಕಂಡಿಲ್ಲ. ಉಪಯೋಗ ಇಲ್ಲವೆಂದಲ್ಲ. ಮಳೆಯಲ್ಲಿ, ಗುಂಡಿ ಹಾರಿದಾಗ ಕಾಲು ಜಾರುವುದಿಲ್ಲ. ಪಾದ ಪ್ರತಿ ಸಲ ಅದೇ ಜಾಗದಲ್ಲಿ ಕೂರುತ್ತದೆ. ಗಟ್ಟಿ ಅಟ್ಟೆಯಿಂದ ಅಂಗಾಲು ನೋಯುವುದಿಲ್ಲ. ದಿನಕ್ಕೆ ಮೂವತ್ತು ಕಿಲೋಮೀಟರ್ ತುಳಿಯುವವನಿಗೆ ಇದು ಸಣ್ಣ ಮಾತಲ್ಲ. ಆದರೆ ಎರಡು ಕಿಲೋಮೀಟರಿನ ಓಡಾಟಕ್ಕೆ ಇದನ್ನು ಹಾಕಿಸುವುದು ಒಂದು ಸೇರು ಜೋಳ ತರಲು ಲಾರಿ ಗೊತ್ತುಮಾಡಿದ ಹಾಗೆ.

ಅಂದರೆ ಬಂಧನದ ಪ್ರಮಾಣವನ್ನು ನಿರ್ಧರಿಸಬೇಕಾದದ್ದು ಪ್ರಯಾಣ. ನಾಸಿಕ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡ ಊರು. ಇಲ್ಲಿಯ ವೈದ್ಯ ಸಹೋದರರಾದ ಹಿತೇಂದ್ರ ಮಹಾಜನ್ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗಿನ, ಸುಮಾರು 4,800 ಕಿಲೋಮೀಟರಿನ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಇಬ್ಬರ ತಂಡವಾಗಿ ಮುಗಿಸಿದರು. 2017ರಲ್ಲಿ ನಾಸಿಕದಲ್ಲಿ ಸೇವೆಯಲ್ಲಿದ್ದ ಸೇನಾ ವೈದ್ಯ, ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ ಗೋಕುಲನಾಥ್ ಅದನ್ನು ಒಬ್ಬರೇ ಮುಗಿಸಿದ ಮೊದಲ ಭಾರತೀಯರಾದರು. ಒಬ್ಬಂಟಿಗನಿಗೆ ಅಲ್ಲಿ ಇರುವ ಗಡುವು 12 ದಿನ. ಅಂಥ ದಾರಿಗೆ ಕಾಲು ಪೆಡಲ್ಲಿಗೇ ಬೆಸೆದ ಹಾಗಿರಬೇಕು, ಸರಿ. ನಮ್ಮದು ದ್ವಾರಕಾ ಸರ್ಕಲ್ಲಿನ ದಾರಿ. ನೂರು ಗಜಕ್ಕೊಮ್ಮೆ ನಿಲ್ಲಬೇಕು: ರಿಕ್ಷಾ ಅಡ್ಡ ಬರುತ್ತದೆ, ಸಿಗ್ನಲ್ಲು ಕೆಂಪಾಗುತ್ತದೆ, ಶಾಲೆ ಬಿಡುತ್ತದೆ. ದಿನನಿತ್ಯದ ದಾರಿಯಲ್ಲಿ ಒಂದು ಹಿಡಿಕೆಯ ಯೋಗ್ಯತೆಯನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದರಿಂದಲ್ಲ, ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವುದರಿಂದ ಅಳೆಯಬೇಕು.

ಇಲ್ಲೊಂದು ನೀತಿಯ ಮಾತೂ ಇದೆ. ನನ್ನ ಕಾಲು, ನನ್ನ ಪೆಡಲ್ಲು, ಬಿದ್ದರೆ ನನಗೇ ಪೆಟ್ಟು, ಇದರಲ್ಲಿ ಬೇರೆಯವರದೇನು ಅನ್ನುವವರಿದ್ದಾರೆ. ಮನೆಯ ಅಂಗಳದಲ್ಲಾದರೆ ಹೌದು. ರಸ್ತೆಯ ಮೇಲೆ ನಾನು ಕಾಲು ಬಿಡಿಸಿಕೊಳ್ಳಲಾಗದೆ ಬಲಕ್ಕೆ ಬಿದ್ದರೆ ಹಿಂದೆ ಬರುವ ಟ್ರಕ್ಕಿನ ಚಾಲಕ ತನ್ನದಲ್ಲದ ತಪ್ಪಿಗೆ ಜನ್ಮಪೂರ್ತಿ ಹೊಣೆ ಹೊರಬೇಕಾಗುತ್ತದೆ. ಅವನಿಗೂ ಹೆಂಡತಿ ಮಕ್ಕಳು ಇರುತ್ತಾರೆ. ಆದ್ದರಿಂದ ನಿಲ್ಲುವ ಜಾಗಕ್ಕೆ ಇಪ್ಪತ್ತು-ಮೂವತ್ತು ಮೀಟರ್ ಮುಂಚೆಯೇ ಎಡಗಾಲು ಬಿಡಿಸಿಕೊಂಡಿರಬೇಕು, ಮೈಭಾರ ಎಡಕ್ಕೇ ಇರಬೇಕು, ಅಂದರೆ ರಸ್ತೆಯ ಅಂಚಿನ ಕಡೆಗೆ. ಸಾರ್ವಜನಿಕ ದಾರಿಯಲ್ಲಿ ನನ್ನ ಬಂಧನ ನನ್ನ ಖಾಸಗಿ ವ್ಯವಹಾರವಲ್ಲ. ನಾನು ಬಿಡಿಸಿಕೊಳ್ಳದೇ ಹೋದರೆ ಅದರ ಬೆಲೆಯನ್ನು ಯಾರೋ ಗುರುತಿಲ್ಲದವರು ತೆರುತ್ತಾರೆ.

ಪರಸ್ಥಳದಲ್ಲಿರುವ ನಮ್ಮಂಥವರ ಊರಿನ ನಂಟನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿ ಎಂದಿದೆ. ನಾಸಿಕದ ಗೋದಾವರಿ ದಂಡೆಯಲ್ಲಿ ನಿಂತ ಕನ್ನಡಿಗರು ಈ ಮಾತನ್ನು ಹೇಳದೆ ಬಿಡುವುದಿಲ್ಲ, ನಾನೂ ಹೇಳುತ್ತೇನೆ. ಸಂಭಾಜಿನಗರದಿಂದ ಮೂವತ್ತು ಕಿಲೋಮೀಟರಿನೊಳಗೆ ವೇರೂಳಿದೆ, ಅಂದರೆ ಎಲ್ಲೋರ. ಅಲ್ಲಿಯ ಕೈಲಾಸ ದೇವಾಲಯ ರಾಷ್ಟ್ರಕೂಟರ ಕೃಷ್ಣ ಮಹಾರಾಜನ ಕಾಲದ್ದು. ಹೆಮ್ಮೆ ಪಡಲಿಕ್ಕೆ ಅಡ್ಡಿಯಿಲ್ಲ. ಹೆಮ್ಮೆಯಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ನಾವು ಊರಿನಲ್ಲಿ ಹಾಕಿ ಬಂದ ಬೀಗಗಳಿಂದ.

ಊರಿನಲ್ಲಿರುವ ನೀವು ಅಂಥ ಮನೆಗಳನ್ನು ದಿನಾ ನೋಡುತ್ತೀರಿ. ಮುಂಬಯಿ, ಪುಣೆ, ನಾಸಿಕ, ಅಮೆರಿಕ ಅಂತ ಹೋದವರ ಪಾಲಿನ ಮನೆಗಳು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಮಾಳಿಗೆಯ ಮೇಲೆ ಹುಲ್ಲು. ಗೋಡೆ ಜರಿದು ಪಕ್ಕದ ಮನೆಯವರ ಅಡುಗೆಮನೆಗೆ ಥಂಡಿ ಹತ್ತಿರುತ್ತದೆ. ಕೇಳಿದರೆ, “ಅದು ನಮ್ಮ ಹಿರ್ಯಾರ ಮನಿ, ಮಾರೂದಿಲ್ಲ” ಅನ್ನುತ್ತೇವೆ. ಬಂದು ಇರುವುದೂ ಇಲ್ಲ, ದುರಸ್ತಿ ಮಾಡಿಸುವುದೂ ಇಲ್ಲ, ಸಹಿ ಹಾಕಿ ಬಿಟ್ಟುಕೊಡುವುದೂ ಇಲ್ಲ. ಇದಕ್ಕೆ ನಾವು ಊರಿನ ಪ್ರೀತಿ ಅಂತ ಹೆಸರು ಕೊಟ್ಟಿದ್ದೇವೆ. ಹೆಸರಿಗೂ ಗುಣಕ್ಕೂ ತಾಳೆಯಾಗದ ಇನ್ನೊಂದು ಸಂಗತಿ ಇದು. ಕಟ್ಟಿಕೊಂಡವರು ನಾವು, ಬೀಳುವ ಗೋಡೆಯ ಕೆಳಗೆ ಇರುವವರು ಬೇರೆಯವರು.

ನಮ್ಮದೂ ಗದಗ ಜಿಲ್ಲೆಯಲ್ಲೊಂದು ಮನೆ, ತಮ್ಮನೂ ನಾನೂ ಪಾಲುದಾರರು. ತಮ್ಮ ಅಲ್ಲೇ ಇದ್ದಾನೆ. “ಅಣ್ಣಾ, ಮಳಿ ಬಂದರ ಪಡಸಾಲಿ ಸೋರತದ. ಕೆಡವಿ ಕಟ್ಟಬೇಕಂದರ ಸಾಲಕ್ಕ ಇಬ್ಬರದೂ ಸಹಿ ಬೇಕು” ಅಂದ. ಸಾಲದ ಕಾಗದ ಓದುವುದೇ ಕಸುಬಾಗಿದ್ದವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹೋಗಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆ. ಆ ಕಾಗದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಎಷ್ಟು ಸರಿಯಾಗಿದೆ ನೋಡಿ. ಹಕ್ಕಿನ ಬಿಡುಗಡೆ! ಬಿಡುಗಡೆಯಾಗುವುದು ಹಕ್ಕಷ್ಟೇ ಅಲ್ಲ, ಹಿಡಿದುಕೊಂಡವನೂ ಹೌದು.

ಮಗನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಇನ್ನ ನಮಗ ಊರು ಇಲ್ಲೇನಪ್ಪಾ?” ಅಂದ. ಅವನು ಹುಟ್ಟಿದ್ದು, ಬೆಳೆದದ್ದು ನನ್ನ ವರ್ಗಾವಣೆಯ ಊರುಗಳಲ್ಲಿ. ಆ ಮನೆಯಲ್ಲಿ ಅವನು ಬೇಸಿಗೆ ರಜೆಗಳನ್ನಷ್ಟೇ ಕಳೆದಿದ್ದಾನೆ. ಆದರೂ ಅವನ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. ಪೆಡಲ್ಲಿನ ಹೋಲಿಕೆ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಸಿಗ್ನಲ್ಲಿನಲ್ಲಿ ಬಿಡಿಸಿಕೊಂಡ ಕಾಲನ್ನು ಹಸಿರು ದೀಪ ಬಂದ ಕೂಡಲೆ ಮತ್ತೆ ಕೂರಿಸಬಹುದು. ನೋಂದಣಿಯಾದ ಕಾಗದ ಹಾಗಲ್ಲ. ಕೆಲವು ಬಿಡುಗಡೆಗಳು ಒಂದೇ ಸಲದವು. ಅದಕ್ಕೆ ನೋವಿಲ್ಲ ಅಂತ ನಾನು ಹೇಳಲಾರೆ.

ಅವನಿಗೆ ಉತ್ತರ ಕೊಡುವುದಕ್ಕೆ ನನಗೆ ನೆರವಾದದ್ದು ಅವನೇ ನನಗೆ ಕಲಿಸಿದ ಇನ್ನೊಂದು ಸಂಗತಿ. ಬೂಟಿಗೆ ಕ್ಲೀಟನ್ನು ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದು ಸಡಿಲಾಗಿ ಬಿದ್ದುಹೋದರೆ ಏನಾಗುತ್ತದೆ? ಕಾಲು ಸುಲಭವಾಗಿ ಕಳಚಿಕೊಳ್ಳುತ್ತದೆ ಅಂದುಕೊಳ್ಳುತ್ತೇವೆ. ಆಗುವುದು ಅದಕ್ಕೆ ತದ್ವಿರುದ್ಧ. ಹಿಮ್ಮಡಿ ತಿರುಗಿಸಿದರೆ ಬೂಟು ಮಾತ್ರ ತಿರುಗುತ್ತದೆ, ಕ್ಲೀಟು ಪೆಡಲ್ಲಿನ ಬಾಯಲ್ಲೇ ಉಳಿಯುತ್ತದೆ. ಕಾಲು ಎಷ್ಟು ತಿರುಚಿದರೂ ಬರುವುದಿಲ್ಲ. ಬಿಡಿಸಿಕೊಳ್ಳಬೇಕಾದರೆ ಕ್ಲೀಟು ಬೂಟಿಗೆ ಭದ್ರವಾಗಿ ಕೂತಿರಬೇಕು. ಬುಡ ಗಟ್ಟಿಯಿದ್ದರೆ ಮಾತ್ರ ಬಿಡುಗಡೆ.

ಮನುಷ್ಯರಲ್ಲೂ ನಾನು ಕಂಡದ್ದು ಹೀಗೆಯೇ. ಊರಿನ ಮಾತು, ಅಡುಗೆ, ಹಾಡು, ನಾಲ್ಕು ಜನರ ಜೊತೆಗಿನ ಹೋಗು-ಬರುವು ಯಾರಲ್ಲಿ ಭದ್ರವಾಗಿ ಕೂತಿದೆಯೋ ಅವರಿಗೆ ಇಟ್ಟಿಗೆ, ಮಣ್ಣು ಬಿಟ್ಟುಕೊಡಲು ಅಷ್ಟು ಕಷ್ಟವಿಲ್ಲ. ಬಂದ ಊರಿನವರ ಜೊತೆ ಬೆರೆಯಲೂ ಅವರು ಹೆದರುವುದಿಲ್ಲ. ಮರಾಠಿ ಕಲಿತರೆ ಕನ್ನಡ ಹೋದೀತು ಅನ್ನುವ ಭಯ ಅವರಿಗಿರುವುದಿಲ್ಲ. ಒಳಗಿನದೆಲ್ಲ ಸಡಿಲಾಗಿ ಹೋದವರೇ ಊರಿನ ಸಾತ್‌ಬಾರಿನಲ್ಲಿ, ಅಂದರೆ ನಮ್ಮ ಕಡೆಯ ಪಹಣಿಯಲ್ಲಿ, ಇರುವ ಒಂದು ಸಾಲು ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಅವರನ್ನು ನಾನು ಹಳಿಯುವುದಿಲ್ಲ. ಅವರಿಗೆ ಉಳಿದಿರುವ ಒಂದೇ ಹಿಡಿಕೆ ಅದು. ಅದು ಬಿಟ್ಟರೆ ತಮ್ಮ ಹತ್ತಿರ ಏನೂ ಇಲ್ಲವೆಂದು ಅವರಿಗೆ ಗೊತ್ತು.

ಇದನ್ನೇ ಮಗನಿಗೆ ಹೇಳಿದೆ. ಊರು ಇದೆ, ಹೋದರೆ ಇನ್ನು ಮೇಲೆ ಮಾಲೀಕನಾಗಿ ಹೋಗುವುದಿಲ್ಲ, ಅಣ್ಣನಾಗಿ ಹೋಗುತ್ತೇನೆ. ನೀನು ಚಿಕ್ಕಪ್ಪನ ಮನೆಗೆ ಹೋಗುತ್ತೀ. ಅಷ್ಟರಿಂದ ಅವನಿಗೆ ಸಮಾಧಾನವಾಯಿತೋ ಇಲ್ಲವೋ ಹೇಳಲಾರೆ. ಒಂದು ತಲೆಮಾರಿನ ಬಿಡುಗಡೆ ಮುಂದಿನ ತಲೆಮಾರಿಗೆ ನಷ್ಟದ ಹಾಗೆ ಕಾಣಬಹುದು. ಲೆಕ್ಕ ಹಾಕುವವರು ಬೇರೆಯಾದರೆ ಜಮಾ-ಖರ್ಚೂ ಬೇರೆಯಾಗುತ್ತದೆ. ನನಗಂತೂ, ತಮ್ಮನ ಹೊಸ ಪಡಸಾಲೆ ಈ ಮಳೆಗಾಲ ಸೋರಲಿಲ್ಲ ಅನ್ನುವುದೇ ಜಮೆಯ ಕಡೆಯ ದೊಡ್ಡ ರಕಮು.

ಮಗ ಕೊನೆಗೆ ತೆಗೆದುಕೊಂಡದ್ದು ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಹಿಡಿಕೆ ಇರುವ ಪೆಡಲ್ಲು ಮತ್ತು ಎರಡು ಬೋಲ್ಟಿನ ಬೂಟು. ನಗರ ನಾಕಾದ ತನಕ ಚಪ್ಪಟೆ ಕಡೆ, ಆಮೇಲೆ ಹಿಡಿಕೆ. ಪ್ರತಿ ಭಾನುವಾರ ಬೂಟು ಬೋರಲು ಹಾಕಿ, ಮಣ್ಣು ಕೆರೆದು, ಎರಡೂ ಬೋಲ್ಟು ಬಿಗಿ ಇವೆಯೇ ಎಂದು ನೋಡುತ್ತಾನಂತೆ. ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುವುದೂ ಅವತ್ತೇ. ‘ಳ’ ಅವಳಿಗೆ ಸಲೀಸಾಗಿ ಬರುತ್ತದೆ, ಮರಾಠಿಯಲ್ಲೂ ಇದೆಯಲ್ಲ! ಒತ್ತಕ್ಷರಕ್ಕೆ ಇನ್ನೂ ತಡವರಿಸುತ್ತಾಳೆ.